ದಾರದ ಮೇಲೆ ಹೊರಿಸಿದ ತಪ್ಪು

ಎಲಾಸ್ಟಿಕ್ ದಾರವನ್ನು ಹೊಲಿಗೆ ಮಿಷನ್ನಿನ ಕೆಳದಾರದ ಉರುಳೆಗೆ, ಬಾಬಿನ್ನಿಗೆ, ಕೈಯಿಂದಲೇ ಸುತ್ತಬೇಕು. ಮಿಷನ್ನಿನ ಚಕ್ರಕ್ಕೆ ಕೊಟ್ಟರೆ ಅದು ಹಿಗ್ಗಿಕೊಂಡೇ ಕೂರುತ್ತದೆ, ಆಮೇಲೆ ಬಟ್ಟೆಯೊಳಗೆ ಏನು ಮಾಡುತ್ತದೋ ಹೇಳಲಾಗದು. ತೀರಾ ಎಳೆಯಲೂಬಾರದು, ಜೋಲು ಬಿಡಲೂಬಾರದು. ಇದನ್ನೇ ಮೊದಲು ಏಕೆ ಹೇಳುತ್ತಿದ್ದೇನೆಂದರೆ, ಆ ಬೇಸಿಗೆಯ ಒಂದೂವರೆ ತಿಂಗಳು ನಾನು ಈ ಸುತ್ತುವುದರಲ್ಲೇ ತಪ್ಪು ಮಾಡುತ್ತಿದ್ದೇನೆ ಎಂದು ನಂಬಿದ್ದೆ. ನನ್ನ ತಂಗಿಯ ಮಗಳು ನನ್ನ ಮನೆಯಲ್ಲಿ, ನನ್ನ ಕಣ್ಣೆದುರಿಗೆ ಇಷ್ಟಿಷ್ಟೇ ಕರಗುತ್ತಿದ್ದಳು. ಅವಳ ಜೀವ ಹೋಗುವ ಹಾದಿ ಹಿಡಿದಿತ್ತು. ನಾನು ಕೂತು ದಾರವನ್ನು ಬೈಯುತ್ತಿದ್ದೆ.

ಹತ್ತನೇ ತರಗತಿಯ ಪರೀಕ್ಷೆ ಮುಗಿಸಿ, ಏಪ್ರಿಲ್ ತಿಂಗಳ ಮೊದಲ ವಾರ ಅವಳು ಭದ್ರಾವತಿಯಿಂದ ವಿನೋಬನಗರದ ನಮ್ಮ ಮನೆಗೆ ರಜಕ್ಕೆ ಬಂದಳು. ಬಂದವಳು ಚಪ್ಪಲಿ ಬಿಡುವುದಕ್ಕೂ ಮೊದಲು ಮೊಬೈಲು ಹಿಡಿದು ನನ್ನ ಮೂಗಿನ ಹತ್ತಿರ ತಂದಳು. ಅದರಲ್ಲೊಂದು ಹುಡುಗಿಯ ಚಿತ್ರ. ಎದೆಯ ಭಾಗವೆಲ್ಲ ಸಾಲು ಸಾಲು ಪುಟ್ಟ ನೆರಿಗೆ, ಕೆಳಗೆ ಮೊಣಕಾಲು ದಾಟುವ ಘೇರು, ಹೆಗಲಿಗೆ ಎರಡು ಪಟ್ಟಿ.

“ದೊಡ್ಡಮ್ಮಾ, ಇದನ್ನ ಹೊಲಿಯಕ್ಕಾಗತ್ತಾ ನಿಂಗೆ?”

“ಹೊಲಿಯಕ್ಕೆ ಇದರಲ್ಲಿ ಏನಿದೆ ಮಾರಾಯ್ತಿ? ದಿಂಬಿನ ಚೀಲಕ್ಕೆ ಎರಡು ಪಟ್ಟಿ ಹಚ್ಚಿದ ಹಾಗಿದೆ.”

“ದಿಂಬಿನ ಚೀಲ ಅಂತೆ! ಇದನ್ನ ಹಾಕ್ಕೊಂಡೇ ನಾನು ವಿಮಾನ ಹತ್ತೋದು. ನೋಡ್ತಿರು.”

ಮೇ ಕೊನೆಯಲ್ಲಿ ನಮ್ಮೂರ ಪಕ್ಕದ ಸೋಗಾನೆಯ ನಿಲ್ದಾಣದಿಂದ ವಿಮಾನ ಹತ್ತಿ ಅವಳು ಹೈದರಾಬಾದಿನ ಚಿಕ್ಕಪ್ಪನ ಮನೆಗೆ ಹೋಗುವುದೆಂದು ಮಾತಾಗಿತ್ತು. ನಮ್ಮ ಮನೆತನದಲ್ಲಿ ವಿಮಾನ ಹತ್ತುವ ಮೊದಲನೆಯವಳು ಅವಳೇ. ಅಲ್ಲಿಯ ತನಕ ನನ್ನ ಹತ್ತಿರ, ಅಷ್ಟರೊಳಗೆ ಅಂಗಿ. ಲೆಕ್ಕ ಇಷ್ಟೇ ಎಂದುಕೊಂಡಿದ್ದೆವು.

ತಂಗಿ ಮಗಳ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು ಕಳಿಸಿದ್ದಳು. ಅದರಲ್ಲಿ ಮಡಿಸಿಟ್ಟ ಒಂದು ನೀಲಿ ಟಾಪು, ಅಳತೆಗೆ. ನಮ್ಮ ಕಡೆ ಹೆಂಗಸರು ಹೊಲಿಯುವವರ ಮುಂದೆ ಕೈಯೆತ್ತಿ ನಿಲ್ಲುವುದಿಲ್ಲ. ಮೈಗೆ ಸರಿಯಾಗಿ ಕೂರುವ ಒಂದು ಹಳೆಯ ಬಟ್ಟೆ ಕೊಟ್ಟು ಹೋಗುತ್ತಾರೆ. ಮೂವತ್ತು ವರ್ಷ ನಮ್ಮ ಬೀದಿಯ ರವಿಕೆಗಳನ್ನೆಲ್ಲ ನಾನು ಹೊಲಿದದ್ದು ಅಳತೆ ರವಿಕೆ ನೋಡಿಕೊಂಡೇ. ಆದರೆ ನಮ್ಮ ಮನೆಯಲ್ಲಿ ಇದಕ್ಕಿಂತ ಒಂದು ಹೆಜ್ಜೆ ಮುಂದಿನ ಕಟ್ಟಳೆ ಇತ್ತು. ಅದು ಹೊಳೆಹೊನ್ನೂರಿನ ನಮ್ಮಜ್ಜಿಯದು. ನನಗೆ ಸೂಜಿಯನ್ನೂ ಮಾತನ್ನೂ ಕೈಗೆ ಕೊಟ್ಟವಳು ಅವಳೇ. ಚಿಕ್ಕವರಿದ್ದಾಗ ನಾನೂ ತಂಗಿಯೂ ಟೇಪು ಹಿಡಿದು ಒಬ್ಬರನ್ನೊಬ್ಬರು ಅಳೆಯುತ್ತಾ ಆಡುತ್ತಿದ್ದರೆ ಕಿತ್ತುಕೊಳ್ಳುತ್ತಿದ್ದಳು.

“ಬೆಳೆಯೋ ಮೈಗೆ ಅಳತೆ ಹಿಡೀಬಾರದು ಕಣ್ರೇ. ಮೈ ಇಳಿದುಹೋಗ್ತದೆ. ನಿಂತ ಮನುಷ್ಯರನ್ನ ಬಿಟ್ಟು ಮಲಗಿದೋರನ್ನ ಅಳೆಯೋರು ಕುಣಿ ತೋಡೋರು, ಗೊತ್ತಾಯ್ತಾ?”

ನಮ್ಮವರಲ್ಲಿ ಹೂಳುವುದು. ಕುಣಿ ತೋಡುವವರು ಮೊದಲು ಬಂದು ಅಳತೆ ತೆಗೆದುಕೊಂಡು ಹೋಗುವುದನ್ನು ನಾವು ಕಂಡಿದ್ದೆವು. ಹಾಗಾಗಿ ನಗುತ್ತಿದ್ದೆವಾದರೂ ಆ ಟೇಪನ್ನು ಮತ್ತೆ ಮುಟ್ಟುತ್ತಿರಲಿಲ್ಲ. ಅಜ್ಜಿ ಹೋಗಿ ಎಷ್ಟೋ ವರ್ಷವಾದರೂ ನಮ್ಮ ಮನೆಯ ಯಾವ ಮಗುವಿನ ಮೈಗೂ ನನ್ನ ಟೇಪು ಸೋಕಿರಲಿಲ್ಲ.

ಗಾಂಧಿ ಬಜಾರಿನಿಂದ ತೆಳು ಹಳದಿಯ ಹತ್ತಿ ಬಟ್ಟೆ ತಂದೆವು, ಮೈತುಂಬ ಸಣ್ಣ ಹಸಿರೆಲೆ. ಆ ನೀಲಿ ಟಾಪನ್ನು ಮೇಜಿನ ಮೇಲೆ ಹರಡಿ ಎದೆಯ ಸುತ್ತು ಅಳೆದರೆ ಮೂವತ್ತೆರಡು ಇಂಚು. ನೆರಿಗೆಯ ಅಂಗಿಗೆ ಬಟ್ಟೆ ಅದರ ಎರಡರಷ್ಟಿರಬೇಕು. ಮೇಲಂಚು ಮಡಿಸಿ ಹೊಲಿದು, ಸೀಮೆಸುಣ್ಣದಲ್ಲಿ ಬೆರಳಗಲಕ್ಕೊಂದು ಗೆರೆ ಎಳೆದೆ. ಮೇಲೆ ಮಾಮೂಲಿ ದಾರ, ಕೆಳಗೆ ಬಾಬಿನ್ನಿನಲ್ಲಿ ಎಲಾಸ್ಟಿಕ್ ದಾರ. ಮೊದಲ ಸಾಲು ಹೊಲಿದಾಗ ಏನೂ ಆದಂತೆ ಕಾಣುವುದಿಲ್ಲ. ಎರಡನೆಯ ಸಾಲಿಗೆ ಬಟ್ಟೆ ಸ್ವಲ್ಪ ಮುದುಡುತ್ತದೆ. ಮೂರು, ನಾಲ್ಕು ಎಂದು ಹೋದಂತೆ, ಪ್ರತಿ ಸಾಲಿಗೂ ಹಿಂದಿನ ಸಾಲುಗಳನ್ನು ಎರಡೂ ಕೈಯಿಂದ ಎಳೆದು ಚಪ್ಪಟೆ ಮಾಡಿ ಹಿಡಿದು ಹೊಲಿಯಬೇಕು. ಕೈಬಿಟ್ಟರೆ ಸರ್ರನೆ ಒಳಗೆಳೆದುಕೊಳ್ಳುತ್ತದೆ. ಹನ್ನೆರಡು ಸಾಲು ಮುಗಿಸಿ ಒದ್ದೆ ಬಟ್ಟೆಯ ಮೇಲೆ ಇಸ್ತ್ರಿಪೆಟ್ಟಿಗೆ ತೋರಿಸಿದೆ. ಆವಿ ತಾಕಿದ ಕೂಡಲೇ ಅದು ಜೀವ ಇದ್ದ ಹಾಗೆ ಇನ್ನಷ್ಟು ಮುದುಡಿಕೊಂಡಿತು.

“ಅಯ್ಯಪ್ಪಾ, ಕಂಬಳಿಹುಳ ಇದ್ದಂಗಿದೆ,” ಎಂದಳು ಹುಡುಗಿ.

ತೊಟ್ಟುಕೊಂಡು ಬಂದು ಕನ್ನಡಿ ಮುಂದೆ ಮೂರು ಸುತ್ತು ಸುತ್ತಿದಳು. ಅಚ್ಚು ಹುಯ್ದ ಹಾಗೆ ಕೂತಿತ್ತು. ವಿಮಾನದ ದಿನವೇ ತೆಗೆಯುವುದೆಂದು ಬೀರುವಿನಲ್ಲಿಟ್ಟೆವು.

ಆ ವರ್ಷ ಬಿಸಿಲು ಜೋರಿತ್ತು. ಅವಳು ನೀರು ಕುಡಿಯುತ್ತಿದ್ದಳು. ಎಲ್ಲರೂ ಕುಡಿಯುತ್ತಿದ್ದೆವು, ಆದರೆ ಅವಳು ಕುಡಿಯುವ ರೀತಿ ಬೇರೆ. ಕೊಡದ ಪಕ್ಕ ನಿಂತೇ ಎರಡು ಚೊಂಬು, ಹತ್ತು ನಿಮಿಷ ಬಿಟ್ಟು ಮತ್ತೆ. ಪಾಪ, ಬಾಯಾರಿಕೆ ಎಂದು ನಾನು ಬೆಲ್ಲದ ಪಾನಕ ಮಾಡಿಟ್ಟೆ. ಗಟಗಟ ಕುಡಿದಳು. ಮರುದಿನ ಎರಡು ಪಾತ್ರೆ ಮಾಡಿದೆ. ಕಬ್ಬಿನ ಹಾಲು ತರಿಸಿದೆ, ಎಳನೀರು ತರಿಸಿದೆ. ಕುಡಿದಷ್ಟೂ ಒಣಗುತ್ತಿದ್ದಳು. ಊಟವೂ ಹಾಗೇ, ಎರಡೆರಡು ಸಲ ಬಡಿಸಿಕೊಳ್ಳುತ್ತಿದ್ದಳು. ನನ್ನ ಕೈಯಡುಗೆಯ ಹೆಚ್ಚುಗಾರಿಕೆ ಎಂದು ನಾನು ಬೀಗಿದೆ.

ಅದೇ ದಿನಗಳಲ್ಲಿ ಬಚ್ಚಲುಮನೆಗೆ ಇರುವೆ ಹತ್ತತೊಡಗಿತು. ಬಾಗಿಲ ಸಂದಿಯಿಂದ ಕಪ್ಪನೆಯ ಒಂದೇ ಸಾಲು ಒಳಗೆ ಹೋಗಿ ಮೂಲೆಯಲ್ಲಿ ಕಲೆಯುತ್ತಿತ್ತು. ಅಡುಗೆಮನೆಯ ಬೆಲ್ಲದ ಡಬ್ಬಿಯನ್ನು ಬಿಟ್ಟು ಇವಕ್ಕೆ ಇಲ್ಲೇನಿದೆ ಎಂದು ಗೊಣಗುತ್ತಾ ನಾನು ಅರಿಸಿನ ಚೆಲ್ಲಿದೆ. ಮರುದಿನ ಅರಿಸಿನವನ್ನು ಬಳಸಿಕೊಂಡು ಬಂದವು. ಬಿಸಿನೀರು ಹುಯ್ದೆ. ಸಂಜೆಗೆ ಮತ್ತೆ ಬಂದವು.

ಎರಡು ವಾರ ಕಳೆದಿರಬೇಕು. ಹೆಗಲಪಟ್ಟಿಯ ಉದ್ದ ನೋಡೋಣವೆಂದು ಅಂಗಿ ತೊಡಿಸಿದರೆ ಎದೆಯ ಹತ್ತಿರ ಜೋತುಬಿತ್ತು. ಪಟ್ಟಿ ಬಿಟ್ಟರೆ ಕೆಳಗೇ ಜಾರುತ್ತದೆ.

“ಹಾಳಾದ್ದು, ದಾರ ಸಡಿಲ ಬಿಟ್ಟಿದೆ,” ಎಂದೆ. “ಅಂಗಡಿಯವನು ಹಳೇ ಮಾಲು ಕೊಟ್ಟು ಕಳಿಸಿದಾನೆ.”

ಹನ್ನೆರಡು ಸಾಲನ್ನೂ ಬ್ಲೇಡಿನಲ್ಲಿ ಬಿಚ್ಚಿದೆ. ಬಿಚ್ಚಿದ ದಾರ ಹಿಡಿದು ಬಜಾರಿಗೆ ಹೋಗಿ, ಗುಂಡಿ, ಲೇಸು, ದಾರ ಮಾರುವ ಸಾಬರ ಅಂಗಡಿಯಲ್ಲಿ ಜಗಳಕ್ಕೇ ನಿಂತೆ. ನನ್ನನ್ನು ಇಪ್ಪತ್ತು ವರ್ಷದಿಂದ ಕಂಡ ಮುದುಕ. ಸಿಟ್ಟಾಗಲಿಲ್ಲ. ತುಂಡೊಂದನ್ನು ಎರಡು ಬೆರಳಲ್ಲಿ ಹಿಡಿದು ಎಳೆದು ಬಿಟ್ಟರು. ಟಪ್ಪನೆ ಹಿಂದಕ್ಕೆ ಬಂತು.

“ನೋಡಿ ಅಮ್ಮಾ, ಅಸಲಿ ಮಾಲು. ಇದರಲ್ಲಿ ಖರಾಬಿ ಇಲ್ಲ.”

“ಹಾಗಾದ್ರೆ ಅಂಗಿ ಯಾಕೆ ಸಡಿಲ ಆಯ್ತು?”

“ಅಂಗಿ ಸಡಿಲ ಆಗಿಲ್ಲ, ಅದನ್ನ ಹಾಕ್ಕೊಂಡೋರು ಬದಲಾಗಿರಬೇಕು,” ಎಂದು ನಕ್ಕರು. ನಾನೂ ನಕ್ಕೆ. ಹೊಸ ರೀಲು ಕೊಂಡು ಬಂದೆ.

ಈ ಸಲ ಹದಿನಾಲ್ಕು ಸಾಲು ಹಾಕಿ, ದಾರವನ್ನೂ ಒಂಚೂರು ಬಿಗಿಯಾಗೇ ಸುತ್ತಿದೆ. ತೊಡಿಸಿದರೆ ಸರಿಯಾಗಿ ಕೂತಿತು. ಹುಡುಗಿ ಕನ್ನಡಿ ಮುಂದೆ ಕೆನ್ನೆ ಒಳಗೆಳೆದುಕೊಂಡು ನೋಡಿಕೊಂಡಳು.

“ಸಣ್ಣ ಆಗಿದೀನಿ ಅಲ್ವಾ ದೊಡ್ಡಮ್ಮಾ?” ಎಂದಳು, ಬಹುಮಾನ ಬಂದವಳ ಹಾಗೆ.

“ಕಣ್ಣು ಬಿದ್ದಾತು, ಸುಮ್ನಿರು.”

ಯಾರಾದರೂ ಕೇಳಬಹುದು, ಬೇರೆ ಬಟ್ಟೆ ನೋಡಿದರೆ ತಿಳಿಯುತ್ತಿರಲಿಲ್ಲವೇ ಎಂದು. ಮನೆಯಲ್ಲಿ ಅವಳು ಹಾಕುತ್ತಿದ್ದುದು ಇಬ್ಬರು ಹಿಡಿಯುವಂಥ ಟೀ ಶರ್ಟು, ಲಾಡಿ ಕಟ್ಟುವ ಪ್ಯಾಂಟು. ಲಾಡಿಯನ್ನು ದಿನಾ ಎಷ್ಟು ಬಿಗಿದರೂ ಕೇಳುವವರಿಲ್ಲ. ದಿನಾ ನೋಡುವ ಕಣ್ಣಿಗೆ ಮನುಷ್ಯರು ಇಳಿಯುವುದು ಕಾಣುವುದಿಲ್ಲ, ಕೆರೆಯ ನೀರು ಇಳಿದ ಹಾಗೆ. ಮೆಟ್ಟಿಲು ಎದ್ದು ನಿಂತ ಮೇಲೇ ಗೊತ್ತಾಗುವುದು.

ಕಂಡದ್ದು ತಂಗಿಗೆ. ಮೇ ಮೊದಲ ವಾರ ಮಗಳನ್ನು ನೋಡಲು ಭದ್ರಾವತಿಯಿಂದ ಬಸ್ಸು ಹಿಡಿದು ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು.

“ಅಯ್ಯೋ ಶಿವನೇ, ಇದೇನೇ ಅಕ್ಕಾ, ಕೂಸಿಗೆ ಕೂಳು ಹಾಕ್ತಿದೀಯೋ ಇಲ್ವೋ?”

“ನಿನ್ನ ಮಗಳಿಗೆ ಅಂತ ದಿನಾ ಒಂದು ಪಾವು ಅಕ್ಕಿ ಜಾಸ್ತಿ ಹಾಕ್ತಿದೀನಿ ಕಣೇ. ಕೇಳು ಬೇಕಾದ್ರೆ.”

“ಹೌದಮ್ಮಾ, ನಾನು ತಿಂತಾನೇ ಇರ್ತೀನಿ,” ಎಂದಳು ಹುಡುಗಿ. ಮಾತಾಡುವಾಗ ಒಣಗಿದ ತುಟಿಯನ್ನು ನಾಲಿಗೆಯಿಂದ ಸವರಿಕೊಂಡಳು.

ತಂಗಿ ಅವಳ ಕೊರಳ ಮೂಳೆಯ ಮೇಲೆ ಬೆರಳಾಡಿಸಿದಳು. “ಹಾಗಾದ್ರೆ ಯಾರದೋ ಕಣ್ಣು ಬಿದ್ದಿದೆ. ಅಷ್ಟೇ.”

ಕಲ್ಲುಪ್ಪು, ಒಣಮೆಣಸಿನಕಾಯಿ ಹಿಡಿದು ಮೂರು ಸಲ ನಿವಾಳಿಸಿ ಒಲೆಯ ಮೇಲೆ ಕಾದ ಬಾಣಲೆಗೆ ಹಾಕಿದಳು. ಮೆಣಸಿನಕಾಯಿ ಕರಕಲಾಯಿತು, ಆದರೆ ಘಾಟು ಬರಲಿಲ್ಲ. ಒಬ್ಬರೂ ಕೆಮ್ಮಲಿಲ್ಲ. ಘಾಟು ಬರದಿದ್ದರೆ ದೃಷ್ಟಿ ಭಾರಿಯದು ಎನ್ನುತ್ತಾರೆ. ನಾವಿಬ್ಬರೂ ಆ ಬಾಣಲೆಯನ್ನು ನೋಡುತ್ತಾ ನಿಂತೆವು. ಕಿಟಕಿ ತೆರೆದಿತ್ತು, ಗಾಳಿ ಇತ್ತು. ಈಗ ಯೋಚಿಸಿದರೆ ಅಷ್ಟೇ ಇರಬೇಕು. ಆಗ ಹಾಗೆ ತೋಚಲಿಲ್ಲ, ಹೋಗಿ ಡ್ರಾಯರಿನಿಂದ ಟೇಪು ತಂದೆ.

“ಒಂದು ಸಲ ಟೇಪು ಹಿಡಿದು ನೋಡ್ಲೇನೇ?” ಎಂದೆ. “ಎಷ್ಟು ಇಳಿದಿದಾಳೆ ಅಂತ ಗೊತ್ತಾಗ್ತದೆ.”

ತಂಗಿ ಗಕ್ಕನೆ ತಿರುಗಿದಳು. “ನಿಂಗೇನು ತಲೆ ಕೆಟ್ಟಿದೆಯಾ? ಮೊದಲೇ ಇಳೀತಿದೆ ಮೈ. ಅಜ್ಜಿ ಹೇಳಿದ್ದು ಮರೆತ್ಯಾ? ನನ್ನ ಮಗೂನ ಅಳೀಬೇಡ ನೀನು.”

“ಡಾಕ್ಟರಿಗಾದ್ರೂ…”

“ಬಿಸಿಲಿಗೆ ಡಾಕ್ಟ್ರು ಏನ್ಮಾಡ್ತಾರೆ? ಒಂದು ಮಳೆ ಬಿದ್ರೆ ಸರಿ ಹೋಗ್ತಾಳೆ. ಪಾನಕ ಜಾಸ್ತಿ ಕೊಡು.”

ಕೊಟ್ಟೆ. ಟೇಪನ್ನು ಡ್ರಾಯರಿನಲ್ಲಿಟ್ಟು ಮುಚ್ಚಿದೆ.

ತಂಗಿ ಭದ್ರಾವತಿಗೆ ವಾಪಸು ಹೋದ ಮೂರನೆಯ ದಿನ ಅಂಗಿ ಮತ್ತೆ ಜೋತುಬಿತ್ತು. ಈಗ ದಾರದ ಮೇಲೆ ಅನುಮಾನವಿಲ್ಲ, ಹೊಸದು. ಹಾಗಾದರೆ ಬಾಬಿನ್ನು ಕೂರುವ ಕೇಸಿನದೇ ಕಿತಾಪತಿ ಎಂದು ಅದರ ಸಣ್ಣ ತಿರುಪನ್ನು ಬಿಗಿ ಮಾಡಿ, ಎರಡನೇ ಸಲ ಬಿಚ್ಚಿ, ಹದಿನಾರು ಸಾಲು ಹಾಕಿದೆ. ಬಟ್ಟೆಯ ತುಂಬ ಹಳೆಯ ಹೊಲಿಗೆಯ ತೂತುಗಳು ಕಾಣತೊಡಗಿದ್ದವು. ಹುಡುಗಿ ಮೊದಲಿನ ಹಾಗೆ ಪಕ್ಕದಲ್ಲಿ ಕೂತು ಹರಟುತ್ತಿರಲಿಲ್ಲ. ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಿರುತ್ತಿದ್ದಳು. ವಿಮಾನದ ಮಾತೆತ್ತಿದರೆ “ಹೂಂ” ಎನ್ನುತ್ತಿದ್ದಳು. ಮುತ್ತು ಕೊಡಲು ಬಗ್ಗಿದರೆ ಅವಳ ಉಸಿರಿನಲ್ಲಿ ಕಳಿತ ಹಣ್ಣಿನ ವಾಸನೆ. ಮಾವಿನ ಕಾಲ ತಾನೇ ಎಂದುಕೊಂಡೆ. ಅಂದು ಅವಳು ಮಾವಿನಹಣ್ಣು ತಿಂದಿರಲಿಲ್ಲ ಎನ್ನುವುದು ನನಗೆ ಗೊತ್ತಿತ್ತು. ಆದರೂ ಹಾಗೇ ಅಂದುಕೊಂಡೆ.

ಅದಾಗಿ ಒಂದು ವಾರಕ್ಕೆ, ಬೆಳಗಿನ ಹೊತ್ತು, ಅವಳು ತಿಂದ ದೋಸೆಯನ್ನು ವಾಂತಿ ಮಾಡಿಕೊಂಡು ಮಲಗಿದಳು. ಪ್ರಯಾಣಕ್ಕೆ ಉಳಿದದ್ದು ಹತ್ತೇ ದಿನ. ಸ್ವಲ್ಪ ಸುಧಾರಿಸಿಕೊಂಡ ಮೇಲೆ, ಒಂದು ಸಲ ಅಂಗಿ ತೊಡಿಸಿ ನೋಡೋಣ ಎಂದು ಎಬ್ಬಿಸಿ ನಿಲ್ಲಿಸಿದೆ. ಪಟ್ಟಿ ಏರಿಸುವ ಮೊದಲೇ ಹದಿನಾರು ಸಾಲಿನ ಅಂಗಿ ಅವಳ ಮೈಯಿಂದ ಜಾರಿ ಸೊಂಟಕ್ಕೆ ಬಂತು.

ಸಿಟ್ಟು ಬಂತು ನನಗೆ. ಅವಳನ್ನು ಮಲಗಿಸಿ, ಅಂಗಿಯನ್ನು ಕಿತ್ತು ತಂದು, ಮೂರನೇ ಸಲ ಬಿಚ್ಚಲು ಬ್ಲೇಡು ಹುಡುಕಿದೆ. ಬ್ಲೇಡು ಅಳತೆ ಟಾಪಿನ ಕವರಿನೊಳಗೆ ಬಿದ್ದಿತ್ತು. ಅದನ್ನು ತೆಗೆಯಲು ಹೋದಾಗ ನೀಲಿ ಟಾಪು ಹೊರಗೆ ಬಂತು. ಸುಮ್ಮನೆ ಮೇಜಿನ ಮೇಲೆ ಅದನ್ನು ಹರಡಿ, ಅದರ ಮೇಲೆ ಹಳದಿ ಅಂಗಿಯನ್ನಿಟ್ಟೆ.

ಅಂಗಿಯ ಎರಡೂ ಪಕ್ಕ ಟಾಪು ಬೆರಳಗಲಕ್ಕಿಂತ ಹೆಚ್ಚು ಹೊರಗೆ ಉಳಿದಿತ್ತು.

ದಾರ ಎಲ್ಲೂ ಸಡಿಲ ಬಿಟ್ಟಿರಲಿಲ್ಲ. ನಾನು ಹೇಳಿದಷ್ಟೂ ಅದು ಬಿಗಿದುಕೊಂಡಿತ್ತು. ಪ್ರತಿ ಸಲವೂ ನಾನೇ ಅಂಗಿಯನ್ನು ಕಿರಿದು ಮಾಡುತ್ತಾ ಬಂದಿದ್ದೆ, ಕಿರಿದಾದ ಅಂಗಿಗೂ ಅವಳು ಸಾಲದೇ ಹೋಗುತ್ತಿದ್ದಳು. ಸಾಬರು ನಗುತ್ತಾ ಹೇಳಿದ ಮಾತು ಕಿವಿಯಲ್ಲಿ ಬಡಿಯಿತು.

ನೀಲಿ ಟಾಪನ್ನು ಹಿಡಿದು ಕೋಣೆಗೆ ಹೋದೆ. “ಒಂದೇ ಸಲ ಇದನ್ನ ಹಾಕ್ಕೋ ಮಗಾ,” ಎಂದೆ. ಯುಗಾದಿಯಲ್ಲಿ ಇದನ್ನೇ ಅವಳು ಕಂಕುಳಲ್ಲಿ ಬಿಗಿಯೆಂದು ಗೊಣಗುತ್ತಾ ತೊಟ್ಟಿದ್ದಳು. ಈಗ ಗೂಟಕ್ಕೆ ನೇತುಹಾಕಿದ ಹಾಗೆ ಅವಳ ಹೆಗಲಿನಿಂದ ಇಳಿಬಿದ್ದಿತು. ಎಲಾಸ್ಟಿಕ್ ಮೈಯನ್ನು ಹಿಂಬಾಲಿಸುತ್ತದೆ, ಎಲ್ಲವನ್ನೂ ಮುಚ್ಚಿಹಾಕುತ್ತದೆ. ಈ ಬಡಪಾಯಿ ನೀಲಿ ಬಟ್ಟೆಗೆ ಮುಚ್ಚಿಡಲು ಬರುತ್ತಿರಲಿಲ್ಲ.

ಡ್ರಾಯರು ಎಳೆದು ಟೇಪು ತೆಗೆದೆ. ಅಜ್ಜೀ, ಕ್ಷಮಿಸು ಎಂದುಕೊಂಡೆ.

“ದೊಡ್ಡಮ್ಮಾ, ಅಮ್ಮ ಬೈತಾಳೆ,” ಎಂದಳು ಹುಡುಗಿ. ಅಷ್ಟು ಮಾತಿಗೇ ಅವಳಿಗೆ ಏದುಸಿರು.

ಇಪ್ಪತ್ತೆಂಟು. ಮತ್ತೆ ಅಳೆದೆ. ಇಪ್ಪತ್ತೆಂಟೇ. ನಾಲ್ಕು ಇಂಚು ಹುಡುಗಿ ನನ್ನ ಮನೆಯಿಂದ ಎಲ್ಲಿಗೆ ಹೋದಳು?

ಚಪ್ಪಲಿ ಅದಲುಬದಲು ಹಾಕಿಕೊಂಡೇ ಅವಳನ್ನು ಆಟೋದಲ್ಲಿ ಕೂರಿಸಿ ನಮ್ಮ ಬಡಾವಣೆಯ ಕ್ಲಿನಿಕ್ಕಿಗೆ ಕರೆದೊಯ್ದೆ. ಡಾಕ್ಟರಮ್ಮ ಅವಳ ಉಸಿರನ್ನು ಒಂದು ಗಳಿಗೆ ಕೇಳಿದರು, ಮೂಗು ಹತ್ತಿರ ತಂದರು, ಬೆರಳ ತುದಿಗೆ ಚುಚ್ಚಿ ಒಂದು ಹನಿ ರಕ್ತವನ್ನು ಪುಟ್ಟ ಯಂತ್ರಕ್ಕೆ ಮುಟ್ಟಿಸಿದರು. ಕಾದೆವು. ಅವರ ಮುಖ ಬದಲಾಯಿತು.

“ಎಷ್ಟಿದೆ ಡಾಕ್ಟ್ರೇ?”

“ಅಂಕಿ ಬರ್ತಿಲ್ಲಮ್ಮ. ಈ ಮಿಷನ್ನು ಅಳೆಯೋದಕ್ಕಿಂತ ಮೇಲಿದೆ ಸಕ್ಕರೆ.” ಆಗಲೇ ಫೋನು ಕೈಗೆತ್ತಿಕೊಂಡಿದ್ದರು. “ಎಷ್ಟು ದಿನದಿಂದ ಇಳೀತಿದಾಳೆ?”

ತಾರೀಕು ನನ್ನ ಬಾಯಿಗೆ ಬರಲಿಲ್ಲ. “ಎರಡು ಸಲ ಬಿಚ್ಚಿ ಹೊಲಿದೆ,” ಎಂದೆ. ಅವರು ನನ್ನನ್ನು ಒಮ್ಮೆ ನೋಡಿ, ಆಂಬುಲೆನ್ಸಿಗೆ ವಿಳಾಸ ಹೇಳತೊಡಗಿದರು.

ಮಕ್ಕಳಿಗೂ ಸಕ್ಕರೆ ಕಾಯಿಲೆ ಬರುತ್ತದೆ, ಬಂದರೆ ಹೀಗೆ ಧಡಕ್ಕನೆ ಬರುತ್ತದೆ, ಮೈಯೇ ಮೈಯನ್ನು ತಿನ್ನತೊಡಗಿ ರಕ್ತ ಹುಳಿಯಾಗುತ್ತದೆ ಎನ್ನುವುದು ನನಗೆ ತಿಳಿದದ್ದು ದೊಡ್ಡಾಸ್ಪತ್ರೆಯ ಗಾಜಿನ ಬಾಗಿಲ ಹೊರಗೆ. ಆ ವಾಸನೆ ಹಣ್ಣಿನದಲ್ಲ. ಅವಳ ಮೂತ್ರದಲ್ಲಿ ಸಕ್ಕರೆ ಹೋಗುತ್ತಿದ್ದದ್ದು ಬಚ್ಚಲಿನ ಇರುವೆಗಳಿಗೆ ನನಗಿಂತ ಮೊದಲೇ ಗೊತ್ತಿತ್ತು. ಮತ್ತೆ ಆ ಪಾನಕ! ನಾನು ಬಗ್ಗಿಸಿ ಬಗ್ಗಿಸಿ ಕೊಟ್ಟ ಒಂದೊಂದು ಲೋಟವೂ ಎದುರಿಗೆ ಬಂದು ನಿಂತಿತು.

ತಂಗಿ ಭದ್ರಾವತಿಯಿಂದ ಓಡಿ ಬಂದಳು. ಗಾಜಿನಾಚೆ ಮಗಳ ಮೂಗಿನಲ್ಲಿ ನಳಿಕೆ, ಎರಡೂ ಕೈಗೆ ಡ್ರಿಪ್ಪು. ಅದನ್ನು ನೋಡಿ ನನ್ನ ಕಡೆ ತಿರುಗಿದವಳ ಕಣ್ಣು ನನ್ನ ಕೊರಳಿನ ಮೇಲೆ ನಿಂತಿತು. ಟೇಪು ಇನ್ನೂ ಅಲ್ಲೇ ನೇತಾಡುತ್ತಿತ್ತು. ಹೊಲಿಯುವವರ ಅಭ್ಯಾಸ, ನನಗೆ ಪರಿವೆಯೇ ಇರಲಿಲ್ಲ.

“ಅಳೆದ್ಯಾ ಅಕ್ಕಾ?”

ಸುಳ್ಳು ಹೇಳಲಾಗಲಿಲ್ಲ. “ಅಳೆದೆ.”

ಅವಳು ಹೋಗಿ ಆಸ್ಪತ್ರೆಯ ಓಣಿಯ ಎದುರು ಬದಿಯ ಬೆಂಚಿನ ಮೇಲೆ ಕೂತಳು. ಎರಡು ದಿನ ನಮ್ಮಿಬ್ಬರ ನಡುವೆ ಆ ಓಣಿ ಇತ್ತು. ಅಳೆದದ್ದರಿಂದಲೇ ಹೀಗಾಯಿತು ಎಂದು ಅವಳು ನಂಬಿದ್ದಳು. ಅಳೆಯದೇ ಇದ್ದದ್ದರಿಂದ ಎಂದು ನಾನು. ಇಬ್ಬರೂ ಒಂದೇ ಬಾಗಿಲನ್ನು ನೋಡುತ್ತಿದ್ದೆವು. ನಡುವೆ ಒಂದು ಸಲ ಅಜ್ಜಿಯ ಮಾತಿನ ಕೊನೆಯ ಭಾಗ ನೆನಪಾಯಿತು, ಮಲಗಿದವರನ್ನು ಅಳೆಯುವವರು ಯಾರು ಎನ್ನುವುದು. ಟೇಪನ್ನು ಸುತ್ತಿ ಸುತ್ತಿ ಮುಷ್ಟಿಯೊಳಗೆ ಮುಚ್ಚಿಕೊಂಡೆ.

ಮೂರನೆಯ ದಿನ ಬೆಳಿಗ್ಗೆ ನರ್ಸು ಬಂದು ಕರೆದರು. ಹುಡುಗಿ ಕಣ್ಣು ಬಿಟ್ಟಿದ್ದಳು. “ವಿಮಾನ ಹೋಯ್ತಾ?” ಎಂದು ಕೇಳಿದಳು. ಇನ್ನೂ ಒಂದು ವಾರ ಇತ್ತು. ಆದರೂ ತಂಗಿ “ಹೋಗ್ಲಿ ಬಿಡು” ಎಂದಳು. ಡಾಕ್ಟರು ತಂಗಿಗೆ ಏನೋ ವಿವರಿಸುತ್ತಾ, “ತೂಕ ಇಳಿದದ್ದು ಗಮನಿಸಿ ಕರ್ಕೊಂಡು ಬಂದ್ರಲ್ಲ, ಒಳ್ಳೇದಾಯ್ತು, ಇನ್ನು ತಡ ಆಗಿದ್ರೆ ನಮ್ಮ ಕೈಲಿರ್ತಿರಲಿಲ್ಲ” ಎಂದರಂತೆ. ಇದನ್ನು ತಂಗಿ ನನಗೆ ಹೇಳಿದ್ದಲ್ಲ, ಹುಡುಗಿ ಹೇಳಿದ್ದು. ತಂಗಿ ಆ ದಿನ ಓಣಿ ದಾಟಿ ಬಂದು ನನ್ನ ಬೆಂಚಿನ ತುದಿಯಲ್ಲಿ ಕೂತಳು. ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟಳು. ಸಕ್ಕರೆ ಹಾಕಿರಲಿಲ್ಲ.

ಈಗ ಹುಡುಗಿ ಪಿಯುಸಿ ಓದುತ್ತಿದ್ದಾಳೆ. ದಿನಕ್ಕೆ ನಾಲ್ಕು ಸಲ ತಾನೇ ಸೂಜಿ ಚುಚ್ಚಿಕೊಳ್ಳುತ್ತಾಳೆ, ಬದುಕಿರುವ ತನಕ ಚುಚ್ಚಿಕೊಳ್ಳಬೇಕು. ಬಸ್ಸು ಅರ್ಧ ಗಂಟೆ ತಡವಾದರೆ ತಂಗಿ ಮೂರು ಸಲ ಫೋನು ಮಾಡುತ್ತಾಳೆ. ನನಗೂ ಬಚ್ಚಲಿನಲ್ಲಿ ಒಂದು ಇರುವೆ ಕಂಡರೆ ಸಾಕು, ಎದೆ ಹೊಡೆದುಕೊಳ್ಳುತ್ತದೆ.

ದಸರಾ ರಜಕ್ಕೆ ತಾಯಿ ಮಗಳಿಬ್ಬರೂ ಬಂದಿದ್ದರು. ಹುಡುಗಿ ಬೀರು ತೆರೆದು ಆ ಹಳದಿ ಅಂಗಿಯನ್ನು ತಾನಾಗಿಯೇ ತೆಗೆದಳು. ಬಿಚ್ಚಿದ ಎರಡು ಹೊಲಿಗೆಯ ತೂತುಗಳು ಇನ್ನೂ ಹೋಗಿಲ್ಲ, ಎದೆಯ ಮೇಲೆಲ್ಲ ಚುಕ್ಕಿ ಚುಕ್ಕಿ. ತೊಟ್ಟುಕೊಂಡು ಬಂದಳು. ಕಂಕುಳ ಹತ್ತಿರ ಬೆರಳು ತೂರಿಸಿ ಎಳೆದುಕೊಂಡು ಮುಖ ಕಿವುಚಿದಳು.

“ದೊಡ್ಡಮ್ಮಾ, ಏನ್ ಹೊಲಿದಿದೀಯ! ಉಸಿರಾಡಕ್ಕಾಗ್ತಿಲ್ಲ. ಬಿಗಿ.”

ಇಷ್ಟು ಚೆಂದದ ಬೈಗುಳ ನಾನು ಯಾವತ್ತೂ ಕೇಳಿರಲಿಲ್ಲ. ಆದರೆ ನಗಲಿಲ್ಲ. ಬಿಗಿ ಎಂದು ಎಲಾಸ್ಟಿಕ್ ಹೇಳಿದ ಮಾತ್ರಕ್ಕೆ ನಂಬುವ ಕಾಲ ಮುಗಿದಿತ್ತು. ಡ್ರಾಯರಿನ ಕಡೆ ಹೋದ ನನ್ನ ಕೈ ತಂಗಿಯ ನೆನಪಾಗಿ ಅರ್ಧಕ್ಕೆ ನಿಂತಿತು.

ತಂಗಿ ಅಲ್ಲೇ ಸೊಪ್ಪು ಸೋಸುತ್ತಾ ಕೂತಿದ್ದಳು. ತಲೆ ಎತ್ತಲಿಲ್ಲ.

“ಎಷ್ಟಿದೆ ನೋಡೇ ಅಕ್ಕಾ,” ಎಂದಳು. “ಎರಡು ಸಲ ಹಿಡಿದು ನೋಡು.”